ಮಣ್ಣಿನ ಬಂಡಿಯೂ ಹೋಯ್ತು, ಮದುವೆ ಕ್ಯಾಸೆಟ್ಟೂ ಹೋಯ್ತು

ಮನೆಗೆ ಸುಣ್ಣಬಣ್ಣ ಮಾಡಿಸೋಣ ಅಂತ ಹೋದ ತಿಂಗಳು ಅಟ್ಟ ಖಾಲಿ ಮಾಡುತ್ತಿದ್ದೆವು. ಹಳೇ ಹಂಡೆ, ಮುರಿದ ತೊಟ್ಟಿಲು, ಅಡಿಕೆ ಗೋಣಿಚೀಲಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂರು ವಿಡಿಯೋ ಕ್ಯಾಸೆಟ್. ಒಂದರ ಮೇಲೆ ನೀಲಿ ಇಂಕಿನಲ್ಲಿ ನಮ್ಮ ಅತ್ತೆ ಮದುವೆಯ ತಾರೀಖು. 1996ರ ಮೇ ತಿಂಗಳು.

ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ, "ಇದರಲ್ಲಿ ನಿಮ್ಮಜ್ಜಿ ಸೋಬಾನೆ ಹೇಳಿದಾರೆ ಕಣೇ, ಧಾರೆ ಮುಗಿದ ಮೇಲೆ. ಪೂರ್ತಿ ಹೇಳಿದಾರೆ" ಅಂದರು. ಅಜ್ಜಿ ತೀರಿಕೊಂಡು ವರ್ಷಗಳಾಗಿವೆ. ಅವರ ದನಿ ಇನ್ನೆಲ್ಲೂ ಇಲ್ಲ. ಆ ಕಾಲಕ್ಕೆ ನಮ್ಮ ಮನೆಯಲ್ಲಿ ಮೊಬೈಲ್ ಇರಲಿಲ್ಲ.

ಕ್ಯಾಸೆಟ್ ತಗೊಂಡು ಪೇಟೆಗೆ ಹೋದೆ. ಮೂರು ಅಂಗಡಿಯವರು ನಕ್ಕು ಕಳಿಸಿದರು. ನಾಲ್ಕನೆಯವರು ಹಳಬರು. ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. ಟೇಪಿನ ಅಂಚಿಗೆ ಉದ್ದಕ್ಕೂ ಬಿಳೀ ಬೂಷ್ಟು. "ಇದನ್ನ ಹಾಕಿದ್ರೆ ಮಷೀನೂ ಹೋಗುತ್ತೆ, ಟೇಪೂ ಹರಿಯುತ್ತೆ. ಐದು ವರ್ಷ ಮುಂಚೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತೇನೋ, ಬಿಡಮ್ಮ" ಅಂದರು. ಐದು ವರ್ಷದ ಹಿಂದೆಯೂ ಆ ಪೆಟ್ಟಿಗೆ ನಮ್ಮ ಅಟ್ಟದಲ್ಲೇ ಇತ್ತು. ನಾನು ಪತ್ರಿಕೋದ್ಯಮ ಓದಿದವಳು, ಬೇರೆಯವರ ಊರಿಗೆ ಹೋಗಿ ಕ್ಯಾಮೆರಾ ಹಿಡಿದವಳು. ನಮ್ಮ ಮನೆ ಅಟ್ಟ ಹತ್ತಿ ನೋಡಿರಲಿಲ್ಲ.

ಈ ಸಂಕಟದಲ್ಲಿ ಇದ್ದಾಗ ನೆನಪಾದದ್ದು ಕನ್ನಡದ ಮೂಕಿ ಚಿತ್ರಗಳು. ಅಜ್ಜಿಯ ಹಾಡು ಹೋದದ್ದಕ್ಕೂ, ಇಡೀ ಕನ್ನಡ ನಾಡಿನ ಮೊದಲ ಸಿನಿಮಾಗಳು ಹೋದದ್ದಕ್ಕೂ ಕಾರಣ ಒಂದೇ. ಅದನ್ನೇ ಇಲ್ಲಿ ಹೇಳಬೇಕು ಅನ್ನಿಸಿತು.

ಕೈಲಾಸಂ ನಟಿಸಿದ್ದರು, ನೋಡಲು ಏನೂ ಇಲ್ಲ

ಶೂದ್ರಕನ 'ಮೃಚ್ಛಕಟಿಕ' ಅಂತ ಒಂದು ಹಳೇ ಸಂಸ್ಕೃತ ನಾಟಕ ಇದೆ. ಹಾಗಂದರೆ ಮಣ್ಣಿನ ಪುಟ್ಟ ಬಂಡಿ. ದಾನ ಮಾಡಿ ಮಾಡಿ ಬಡವನಾದ ಚಾರುದತ್ತ, ಅವನನ್ನು ಪ್ರೀತಿಸುವ ಗಣಿಕೆ ವಸಂತಸೇನೆ. ಇವರಿಬ್ಬರ ನಡುವೆ ಬರುವ ರಾಜನ ಭಾವಮೈದ ಶಕಾರ. ಚಾರುದತ್ತನ ಮಗ ಪಕ್ಕದ ಮನೆ ಹುಡುಗನ ಚಿನ್ನದ ಬಂಡಿ ನೋಡಿ, ನನಗೆ ಮಣ್ಣಿನ ಬಂಡಿ ಬೇಡ ಅಂತ ಅಳುತ್ತಾನೆ. ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬಿಸುತ್ತಾಳೆ.

1930ರ ಸುಮಾರಿಗೆ ಈ ಕತೆಯನ್ನು ಮೋಹನ್ ಭವನಾನಿ ಮೂಕಿ ಚಿತ್ರ ಮಾಡಿದರು. 'ವಸಂತಸೇನಾ' ಅಂತಲೂ ಅದನ್ನು ಕರೆಯುತ್ತಾರೆ. ಅದರಲ್ಲಿ ನಟಿಸಿದವರು ಯಾರು ಗೊತ್ತೇ? ನಮ್ಮ ಟಿ.ಪಿ. ಕೈಲಾಸಂ. ಮಂಗಳೂರಿನಲ್ಲಿ ಹುಟ್ಟಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ, ಮುಂದೆ ದೇಶದ ಕೈಮಗ್ಗ ಮತ್ತು ಕರಕುಶಲ ಕೆಲಸಕ್ಕೆ ಜೀವ ತುಂಬಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮುಖ್ಯ ಪಾತ್ರದಲ್ಲಿ ಏಣಾಕ್ಷಿ ರಾಮರಾವ್.

ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಸಿನಿಮಾದ ಹತ್ತಿರ ಸುಳಿಯಬಾರದು ಅನ್ನುತ್ತಿದ್ದ ಕಾಲ ಅದು. ಆಗ ಕಮಲಾದೇವಿಯಂಥವರು ಕ್ಯಾಮೆರಾ ಮುಂದೆ ನಿಂತದ್ದು ಸಣ್ಣ ಮಾತಲ್ಲ. ಕೈಲಾಸಂ ಕ್ಯಾಮೆರಾ ಮುಂದೆ ಹೇಗೆ ನಡೆಯುತ್ತಿದ್ದರು, ಹೇಗೆ ಹುಬ್ಬು ಹಾರಿಸುತ್ತಿದ್ದರು ಅಂತ ನೋಡುವ ಭಾಗ್ಯ ನಮಗೆ ಇಲ್ಲ. ಆ ಚಿತ್ರ ಉಳಿದಿಲ್ಲ.

ಗುಬ್ಬಿ ವೀರಣ್ಣನವರ ಮೂಕಿ

ಗುಬ್ಬಿ ವೀರಣ್ಣನವರ ಹೆಸರು ಕೇಳದ ಊರು ನಮ್ಮ ಕಡೆ ಇಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆ ರಂಗಕ್ಕೆ ತಂದ ಕಂಪನಿ. ಹಳಬರು ಇವತ್ತಿಗೂ ಗುಬ್ಬಿ ಕಂಪನಿ ಹೆಸರು ಹೇಳುವಾಗ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಆ ವೀರಣ್ಣನವರು ನಾಟಕಕ್ಕೇ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಸಿನಿಮಾ ಕಂಪನಿ ಕಟ್ಟಿದರು. 1931ರಲ್ಲಿ 'ಹಿಸ್ ಲವ್ ಅಫೇರ್' ಅನ್ನುವ ಮೂಕಿ ಬಂತು. ಹೆಸರೇ ಹೇಳುವಂತೆ ಪ್ರೇಮದ ಕತೆ. ನಿರ್ದೇಶಕ ರಾಫೆಲ್ ಆಲ್ಗೋಟ್ ಯುರೋಪಿನವರು. ಮರುವರ್ಷ ವೈ.ವಿ. ರಾವ್ ನಿರ್ದೇಶನದಲ್ಲಿ 'ಹರಿಮಾಯಾ' ಬಂತು. ವೈ.ವಿ. ರಾವ್ ಅಂದರೆ ನಟಿ ಲಕ್ಷ್ಮಿಯವರ ತಂದೆ.

ನಾಟಕದ ಕಂಪನಿಯೊಂದು ಇಡೀ ಜೀವಮಾನ ಮಾತು ಮತ್ತು ಹಾಡಿನಿಂದಲೇ ಬದುಕಿ, ಮಾತೇ ಇಲ್ಲದ ಸಿನಿಮಾಕ್ಕೆ ದುಡ್ಡು ಹಾಕುವುದು ಅಂದರೆ ಎಂಥ ಧೈರ್ಯ ಇರಬೇಕು! ಅವರಿಗೆ ಲಾಭ ಆಗಲಿಲ್ಲ ಅಂದರೂ ನನಗೆ ಆಶ್ಚರ್ಯವಿಲ್ಲ, ಯಾಕೆಂದರೆ 1931ರ ಮಾರ್ಚ್ 14ರಂದು ಬೊಂಬಾಯಿಯಲ್ಲಿ 'ಆಲಂ ಆರಾ' ತೆರೆಕಂಡು ಸಿನಿಮಾ ಮಾತಾಡಲು ಶುರು ಮಾಡಿಬಿಟ್ಟಿತ್ತು. ಮೂಕಿಗಳು ಬಿಡುಗಡೆಯಾಗುವ ಹೊತ್ತಿಗೇ ಹಳೇ ಮಾಲಾದವು.

ಇದೇ ವೀರಣ್ಣನವರ ಬಳಗದಿಂದ ಮುಂದೆ 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, ರಾಜಕುಮಾರ್ ನಾಯಕರಾದರು. ಅದನ್ನು ಈಗಲೂ ಫೋನಿನಲ್ಲಿ ನೋಡಬಹುದು. ಆದರೆ ಅದಕ್ಕಿಂತ ಇಪ್ಪತ್ತು ವರ್ಷ ಮುಂಚೆ ಅದೇ ಬಳಗ ಮಾಡಿದ ಪ್ರೇಮಕತೆಯನ್ನು ನೋಡಲು ಯಾರಿಂದಲೂ ಆಗುವುದಿಲ್ಲ.

ಮೂಕಿಗಳು ಬಿಡಿ, ಮಾತಾಡಿದ ಮೊದಲ ಸಿನಿಮಾವೂ ಇಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ. ಕೊಲ್ಹಾಪುರದ ಸ್ಟುಡಿಯೋದಲ್ಲಿ ತೆಗೆದದ್ದು. ನಿರ್ದೇಶಕರು ಇದೇ ವೈ.ವಿ. ರಾವ್. ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಸುಬ್ಬಯ್ಯನಾಯ್ಡು ಅಂದರೆ 'ಭೂತಯ್ಯನ ಮಗ ಅಯ್ಯು' ಲೋಕೇಶ್ ಅವರ ತಂದೆ. ಟಿವಿಯಲ್ಲಿ 'ಮಜಾ ಟಾಕೀಸ್' ನಡೆಸಿಕೊಟ್ಟ ಸೃಜನ್ ಲೋಕೇಶ್ ಇದ್ದಾರಲ್ಲ, ಅವರ ಅಜ್ಜ. ಕನ್ನಡ ವಾಕ್ಚಿತ್ರದ ಮೊದಲ ನಾಯಕನ ಮೊಮ್ಮಗನಿಗೂ ಅಜ್ಜನ ಆ ಮೊದಲ ಸಿನಿಮಾ ನೋಡಲು ಸಿಗುವುದಿಲ್ಲ. ನನ್ನ ಅಜ್ಜಿಯ ಸೋಬಾನೆ ನನಗೆ ಸಿಗದ ಹಾಗೆಯೇ. ಕಳೆದುಕೊಳ್ಳುವುದರಲ್ಲಿ ದೊಡ್ಡ ಮನೆ, ಚಿಕ್ಕ ಮನೆ ಅಂತ ಇಲ್ಲ.

ಬೆಳ್ಳಿ ತೆಗೆದರು, ಚಿತ್ರ ಬಿಸಾಕಿದರು

ಹೇಗೆ ಹೋದವು ಇವೆಲ್ಲ?

ಆ ಕಾಲದ ಸಿನಿಮಾ ರೀಲು ನೈಟ್ರೇಟ್ ಅನ್ನುವ ವಸ್ತುವಿನಿಂದ ಆದದ್ದು. ಸಿಡಿಮದ್ದಿಗೆ ಬಳಸುವ ಗನ್‌ಕಾಟನ್ ಅನ್ನುವುದಕ್ಕೆ ಅದು ಹತ್ತಿರದ ಸಂಬಂಧಿ. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಬೆಂಕಿ ತಾಗದೆ ಇದ್ದರೂ ಸೆಕೆಗೆ, ತೇವಕ್ಕೆ ಮೊದಲು ಅಂಟಂಟಾಗಿ, ಆಮೇಲೆ ಕಂದು ಪುಡಿಯಾಗುತ್ತದೆ. 1950ರ ದಶಕದ ಶುರುವಿನಲ್ಲಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿದರು.

ಇದು ರೀಲಿನ ಗುಣ. ಇದಕ್ಕಿಂತ ದೊಡ್ಡದು ಮನುಷ್ಯರ ಗುಣ. ಚಿತ್ರ ಮೂಡಿಸಲು ರೀಲಿನ ಮೇಲೆ ಬೆಳ್ಳಿಯ ಲೇಪ ಇರುತ್ತಿತ್ತು. ಸಿನಿಮಾ ಓಡುವುದು ನಿಂತ ಮೇಲೆ, ಪೆಟ್ಟಿಗೆ ಇಡಲು ಗೋದಾಮಿನ ಬಾಡಿಗೆ ಯಾಕೆ ಅಂತ ರೀಲನ್ನು ತೂಕಕ್ಕೆ ಮಾರಿದರು. ಕೊಂಡವರು ತೊಳೆದು ಬೆಳ್ಳಿ ತೆಗೆದುಕೊಂಡರು. ವಸಂತಸೇನೆ ಮಗುವಿನ ಮಣ್ಣಿನ ಬಂಡಿಗೆ ಒಡವೆ ತುಂಬಿದ್ದಳು. ಇಲ್ಲಿ ಒಡವೆ ಬಿಡಿಸಿಕೊಂಡು ಬಂಡಿಯನ್ನು ಒಡೆದುಹಾಕಿದರು.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಾಲ ಮಾಡಿ ಸಿನಿಮಾ ತೆಗೆದವರು, ಗುಜರಿಗೆ ಹಾಕಿದರೆ ನಾಲ್ಕು ಕಾಸು ಬರುತ್ತದೆ ಅಂದಾಗ ಹಾಕಿದರು. ಉಳಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಮೂಕಿಯ ಕಾಲ ಮುಗಿದು ಮೂವತ್ತು ವರ್ಷ ಆಗಿತ್ತು. ನಮ್ಮ ದೇಶದಲ್ಲಿ 1,300ಕ್ಕೂ ಹೆಚ್ಚು ಮೂಕಿಗಳು ತಯಾರಾದವು. ಉಳಿದಿರುವುದು ಮೂವತ್ತರ ಆಸುಪಾಸು, ಅದರಲ್ಲೂ ಎಷ್ಟೋ ಬರೀ ತುಂಡುಗಳು. 'ಆಲಂ ಆರಾ' ಕೂಡ ಇಲ್ಲ.

ದುಡ್ಡಿರುವ ದೇಶಗಳು ಚೆನ್ನಾಗಿ ಕಾಪಾಡಿಕೊಂಡವೇ ಅಂದರೆ ಅದೂ ಇಲ್ಲ. ಅಮೆರಿಕದಲ್ಲಿ 1926ರಲ್ಲಿ 'ಅಲೋಮಾ ಆಫ್ ದ ಸೌತ್ ಸೀಸ್' ಅಂತ ಒಂದು ಮೂಕಿ ಬಂತು. ದಕ್ಷಿಣದ ಕಡಲಿನ ದ್ವೀಪವೊಂದರಲ್ಲಿ ನಡೆಯುವ ಪ್ರೇಮಕತೆ. ಗಿಲ್ಡಾ ಗ್ರೇ ಅನ್ನುವ ನರ್ತಕಿ ನಾಯಕಿ. ಪ್ಯಾರಾಮೌಂಟ್‌ನಂಥ ದೊಡ್ಡ ಕಂಪನಿಯ ಸಿನಿಮಾ, ಜನ ಮುಗಿಬಿದ್ದು ನೋಡಿದ್ದರು. ಇವತ್ತು ಅದೂ ಕಳೆದುಹೋದ ಚಿತ್ರಗಳ ಪಟ್ಟಿಯಲ್ಲಿದೆ. ಅಲ್ಲಿನ ಸಂಸತ್ತಿನ ಗ್ರಂಥಾಲಯ 2013ರಲ್ಲಿ ಲೆಕ್ಕ ಹಾಕಿಸಿದಾಗ, ಆ ದೇಶದ ಸುಮಾರು 11 ಸಾವಿರ ಮೂಕಿ ಕಥಾಚಿತ್ರಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಪೂರ್ತಿ ಹೋಗಿದ್ದವು. ಜನಪ್ರಿಯವಾದದ್ದು ತಾನಾಗೇ ಉಳಿಯುತ್ತದೆ ಅನ್ನುವುದು ಸುಳ್ಳು. ಎಲ್ಲರೂ ನೋಡಿದ್ದರಿಂದಲೇ ಯಾರೂ ಎತ್ತಿಡಲಿಲ್ಲ.

ಉಳಿದವು ಹೇಗೆ ಉಳಿದವು?

ಹೋದದ್ದರ ಲೆಕ್ಕಕ್ಕಿಂತ, ಉಳಿದದ್ದು ಹೇಗೆ ಉಳಿಯಿತು ಅನ್ನುವುದು ನಮಗೆ ಹೆಚ್ಚು ಉಪಯೋಗಕ್ಕೆ ಬರುವ ಪಾಠ.

ಕೇರಳದಲ್ಲಿ 1933ರಲ್ಲಿ 'ಮಾರ್ತಾಂಡ ವರ್ಮ' ಅನ್ನುವ ಮೂಕಿ ಬಂತು. ಕಾದಂಬರಿಯ ಹಕ್ಕು ನಮ್ಮದು ಅಂತ ಪುಸ್ತಕ ಪ್ರಕಾಶಕರು ಕೋರ್ಟಿಗೆ ಹೋದರು. ಸಿನಿಮಾ ನಿಂತಿತು, ರೀಲು ಪುಸ್ತಕದಂಗಡಿಯವರ ಪಾಲಾಯಿತು. ನಲವತ್ತು ವರ್ಷ ಅದು ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. 1974ರಲ್ಲಿ ಪುಣೆ ಭಂಡಾರದ ಪಿ.ಕೆ. ನಾಯರ್ ಅದನ್ನು ಪತ್ತೆ ಮಾಡಿ ತಂದರು. ದಕ್ಷಿಣ ಭಾರತದಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುವ ಮೂಕಿ ಅಂತ ಹೆಸರಿಸುವುದು ಇದನ್ನೇ. ಚೆನ್ನಾಗಿ ಓಡಿದವು ಬೆಳ್ಳಿಯಾಗಿ ಕರಗಿದವು, ಕೇಸು ಬಿದ್ದು ಓಡದೆ ನಿಂತದ್ದು ಉಳಿಯಿತು.

ಇನ್ನೊಂದು ನೋಡಿ. 'ವಸಂತಸೇನಾ'ದ ಏಣಾಕ್ಷಿ ರಾಮರಾವ್ 1928ರಲ್ಲಿ 'ಶಿರಾಜ್' ಅನ್ನುವ ಮೂಕಿಯಲ್ಲೂ ನಟಿಸಿದ್ದರು. ತಾಜ್‌ಮಹಲ್ ಕಟ್ಟಿದ ಪ್ರೇಮಕತೆ. ಅದರ ಪ್ರತಿ ಬ್ರಿಟನ್ನಿನ ಚಲನಚಿತ್ರ ಸಂಸ್ಥೆಯಲ್ಲಿತ್ತು. 2017ರಲ್ಲಿ ಅವರು ಅದನ್ನು ತೊಳೆದು ಬೆಳಗಿಸಿ, ಅನೌಷ್ಕಾ ಶಂಕರ್ ಅವರಿಂದ ಹೊಸ ಸಂಗೀತ ಮಾಡಿಸಿ ತೋರಿಸಿದರು. ಒಬ್ಬಳೇ ನಟಿ. ಲಂಡನ್ನಿನಲ್ಲಿ ಪ್ರತಿ ಇದ್ದ ಸಿನಿಮಾದಲ್ಲಿ ಅವಳ ಮುಖ ಮಿಂಚುತ್ತಿದೆ, ಕೈಲಾಸಂ ಜೊತೆ ಮಾಡಿದ ಸಿನಿಮಾದಲ್ಲಿ ಇಲ್ಲ.

1919ರಲ್ಲಿ ಕಲ್ಕತ್ತದ ಕಂಪನಿಯೊಂದು ಮಾಡಿದ 'ಬಿಲ್ವಮಂಗಳ'ದ ಒಂದಿಷ್ಟು ಭಾಗ ಪ್ಯಾರಿಸ್‌ನ ಭಂಡಾರದಲ್ಲಿ ಸಿಕ್ಕಿ, 2016ರಲ್ಲಿ ಭಾರತಕ್ಕೆ ಬಂತು. ಅಮೆರಿಕದ ಜಾನ್ ಫೋರ್ಡ್ ಅವರ 'ಅಪ್‌ಸ್ಟ್ರೀಮ್' ನ್ಯೂಜಿಲೆಂಡಿನಲ್ಲಿ ಸಿಕ್ಕಿತು. ಕೆನಡಾದ ಡಾಸನ್ ಸಿಟಿಯಲ್ಲಿ 1978ರಲ್ಲಿ ಮಣ್ಣು ಅಗೆದಾಗ ಐನೂರಕ್ಕೂ ಹೆಚ್ಚು ಹಳೇ ರೀಲು ಸಿಕ್ಕವು, ಅಲ್ಲಿನ ಚಳಿಗೆ ಹೆಪ್ಪುಗಟ್ಟಿ ಉಳಿದಿದ್ದವು.

ಇವೆಲ್ಲದರಲ್ಲೂ ಒಂದೇ ಗುಟ್ಟು ಇದೆ. ಉಳಿದದ್ದು ಮಾಡಿದವರ ಮನೆಯಲ್ಲಿ ಅಲ್ಲ, ಇನ್ನೊಂದು ಕಡೆ ಇದ್ದ ಇನ್ನೊಂದು ಪ್ರತಿಯಿಂದ. ಒಂದೇ ಕಡೆ ಇಟ್ಟರೆ ಸರ್ಕಾರಿ ಭಂಡಾರವೂ ನಂಬಿಕೆಯಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಎಷ್ಟೋ ನೈಟ್ರೇಟ್ ರೀಲುಗಳು ಸುಟ್ಟುಹೋದವು. ನಮ್ಮ ಕ್ಯಾಸೆಟ್ಟಿಗೂ ಇದೇ ಆದದ್ದು. ಒಂದೇ ಪ್ರತಿ, ಒಂದೇ ಅಟ್ಟ.

ಯಾರ ಮುಖ ಅಳಿಸಿತು?

ತಿರುವನಂತಪುರದಲ್ಲಿ 1930ರ ಸುಮಾರಿಗೆ ಜೆ.ಸಿ. ಡೇನಿಯಲ್ 'ವಿಗತಕುಮಾರನ್' ಅನ್ನುವ ಮೂಕಿ ತೋರಿಸಿದರು. ಅದರ ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ಮೇಲುಜಾತಿ ಹೆಂಗಸಿನ ಪಾತ್ರ ಮಾಡಿದಳು ಅನ್ನುವುದೇ ಅಪರಾಧವಾಯಿತು. ಜನ ಪರದೆಗೆ ಕಲ್ಲು ಹೊಡೆದರು. ಆಕೆ ಊರನ್ನೇ ಬಿಟ್ಟು ಹೋಗಬೇಕಾಯಿತು. ಆ ಸಿನಿಮಾವೂ ಇವತ್ತು ಇಲ್ಲ. ಅವತ್ತು ಕಲ್ಲು ಹೊಡೆದವರು ಏನು ಬಯಸಿದ್ದರೋ, ಮುಂದೆ ನಮ್ಮ ಅಸಡ್ಡೆ ಅದನ್ನೇ ಮಾಡಿ ಮುಗಿಸಿತು.

ಹಾಗಾಗಿ ಹಳೇ ಸಿನಿಮಾ ಉಳಿಸುವುದು ಬರೀ ಕಲಾರಸಿಕರ ಹವ್ಯಾಸ ಅಂತ ನಾನು ಒಪ್ಪುವುದಿಲ್ಲ. ಹೆಸರಿದ್ದವರು, ಹಣವಿದ್ದವರು ಪುಸ್ತಕದಲ್ಲಿ, ಭಾವಚಿತ್ರದಲ್ಲಿ, ರಸ್ತೆ ಹೆಸರಿನಲ್ಲಿ ಹೇಗೋ ಉಳಿಯುತ್ತಾರೆ. ಕೈಲಾಸಂ ನಾಟಕಗಳು ಅಚ್ಚಾಗಿವೆ. ಗುಬ್ಬಿ ವೀರಣ್ಣನವರ ಹೆಸರಲ್ಲಿ ಪ್ರಶಸ್ತಿ ಇದೆ. ಆದರೆ ಅದೇ ಸಿನಿಮಾಗಳಲ್ಲಿ ಗುಂಪಿನಲ್ಲಿ ನಿಂತವರು, ಕುದುರೆ ಹಿಡಿದವರು, ಸಂತೆಯ ದೃಶ್ಯದಲ್ಲಿ ಹಾದುಹೋದ ಹಳ್ಳಿಯವರು? ಅವರು ಇದ್ದದ್ದು ಆ ರೀಲಿನಲ್ಲಿ ಮಾತ್ರ. ರೀಲು ಹೋದರೆ ಅವರು ಇದ್ದದ್ದೇ ಸುಳ್ಳು ಅನ್ನುವಂತೆ.

ನಮ್ಮಜ್ಜಿಯೂ ಅಷ್ಟೇ. ಓದು ಬರಹ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು, ಹೆಬ್ಬೆಟ್ಟಿನ ಗುರುತು, ಗೋಡೆಯ ಮೇಲೊಂದು ಫೋಟೋ. ದನಿ ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ.

ದೊಡ್ಡಪ್ಪ ಕೇಳಿದ ಪ್ರಶ್ನೆ

ಇದನ್ನೆಲ್ಲ ನಮ್ಮ ದೊಡ್ಡಪ್ಪನಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ತೋಟದ ಬೋರ್ ಬತ್ತಿದೆ. ಕೊಬ್ಬರಿ ರೇಟು ಇವತ್ತೊಂದು ನಾಳೆ ಒಂದು. ಹುಡುಗರು ಊರು ಬಿಟ್ಟು ಬೆಂಗಳೂರು ಸೇರ್ತಾವೆ. ನೀನು ನೋಡಿದ್ರೆ ನೂರು ವರ್ಷದ ಹಿಂದಿನ ಮೂಕಿ ಪಿಚ್ಚರಿಗೆ ಅಳ್ತಿದೀಯ. ಸರ್ಕಾರದ ದುಡ್ಡು ಮೊದಲು ಯಾವುದಕ್ಕೆ ಹೋಗಬೇಕು, ನೀನೇ ಹೇಳು ಮಗಳೇ" ಅಂದರು.

ನ್ಯಾಯವಾದ ಪ್ರಶ್ನೆ. ಮೊದಲು ನೀರಿಗೇ ಹೋಗಲಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ದೊಡ್ಡಪ್ಪನಿಗೆ ಕೇಳಿದ್ದು ಬೇರೆ. ನಮ್ಮೂರಿನ ಬಗ್ಗೆ ಯಾರಾದರೂ ಬಂದು ಕೇಳಿದರೆ ನೀವು ಮೊದಲು ಏನು ಹೇಳುತ್ತೀರಿ? ಅಯ್ಯನಕೆರೆ. ಶಕುನಗಿರಿ ಬುಡದಲ್ಲಿರುವ ಕೆರೆ, ರುಕ್ಮಾಂಗದ ರಾಯ ಕಟ್ಟಿಸಿದ್ದು, ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರ ಆದದ್ದು. ಇದನ್ನು ಎದೆ ಉಬ್ಬಿಸಿ ಹೇಳುತ್ತೀರಿ. ನಿಮಗೆ ಹೇಗೆ ಗೊತ್ತಾಯಿತು? ಒಬ್ಬರ ಬಾಯಿಂದ ಒಬ್ಬರಿಗೆ ಬಂತು, ಕಲ್ಲಿನ ಮೇಲೆ ಬರೆದದ್ದು ಇತ್ತು, ಆ ಕಲ್ಲುಗಳನ್ನು ಓದಿ ಬರೆದುಕೊಂಡವರು ಇದ್ದರು.

ನಮ್ಮ ಜಿಲ್ಲೆಗೆ ಮೊದಲು ಕಡೂರು ಜಿಲ್ಲೆ ಅಂತಲೇ ಹೆಸರು. 1947ರಲ್ಲಿ ಚಿಕ್ಕಮಗಳೂರು ಜಿಲ್ಲೆ ಆಯಿತು. ಬಿ.ಎಲ್. ರೈಸ್ ಸಾಹೇಬರು ತಮ್ಮ ಸಿಬ್ಬಂದಿ ಜೊತೆ ಈ ಜಿಲ್ಲೆಯ ಶಾಸನಗಳನ್ನು ಪ್ರತಿ ಮಾಡಿಸಿ, 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಅಲ್ಲಿಂದೀಚೆಗೆ ಕಲ್ಲು ಚಪ್ಪಡಿಯಾಗಲಿ, ಮೋರಿಗೆ ಹೋಗಲಿ, ಅದರ ಮಾತು ಪುಸ್ತಕದಲ್ಲಿ ಭದ್ರ. ಕಲ್ಲನ್ನೇ ನಂಬದೆ ಪ್ರತಿ ಮಾಡಿದ್ದರಿಂದ ಇದು ಸಾಧ್ಯವಾಯಿತು. ಕಲ್ಲಿಗೇ ಪ್ರತಿ ಬೇಕಾಗಿತ್ತು ಅಂದಮೇಲೆ ಪ್ಲಾಸ್ಟಿಕ್ ಟೇಪಿನ ಪಾಡೇನು?

ದೊಡ್ಡಪ್ಪ ಒಪ್ಪಿದರು ಅಂತ ಹೇಳಲಾರೆ. "ನಿಮ್ಮಜ್ಜಿ ದನಿ ಮಾತ್ರ ಗಂಟೆ ಇದ್ದಂಗಿತ್ತು ಬಿಡು" ಅಂದು ಸುಮ್ಮನಾದರು.

ನಾವು ಈಗ ಕಳೆದುಕೊಳ್ಳುತ್ತಿರುವುದು

ಮೂಕಿ ಕಾಲದವರಿಗೆ ಒಂದು ನೆಪ ಇತ್ತು. ಪ್ರತಿ ತೆಗೆಯುವುದು ದುಬಾರಿ, ರೀಲು ಅಪಾಯಕಾರಿ, ಉಳಿಸುವ ಜಾಗ ಇಲ್ಲ. ನಮಗೆ ಯಾವ ನೆಪವೂ ಇಲ್ಲ. ಆದರೂ ಅವರಿಗಿಂತ ಜೋರಾಗಿ ಕಳೆದುಕೊಳ್ಳುತ್ತಿದ್ದೇವೆ.

ಅಯ್ಯನಕೆರೆ ಕೋಡಿ ಬಿದ್ದ ವರ್ಷ ನೋಡಿ. ಎಲ್ಲರ ಕೈಯಲ್ಲೂ ಫೋನು. ನೀರು, ಬಾಗಿನ, ಸೆಲ್ಫಿ. ಸ್ಟೇಟಸ್ಸಿಗೆ ಹಾಕುತ್ತೇವೆ, 24 ಗಂಟೆಗೆ ಮಾಯ. ಆಮೇಲೆ 'ಸ್ಟೋರೇಜ್ ಫುಲ್' ಅಂತ ಬಂದಾಗ ಮೊದಲು ಅಳಿಸುವುದು ಅದನ್ನೇ. ಫೋನು ಕೆಟ್ಟರೆ ಅಂಗಡಿಯವನು "ಡಾಟಾ ಹೋಗುತ್ತೆ, ಪರವಾಗಿಲ್ವಾ" ಅಂದರೆ "ಪರವಾಗಿಲ್ಲ" ಅನ್ನುತ್ತೇವೆ. ಹಬ್ಬಕ್ಕೆ ಊರ ಹುಡುಗರು ಆಡುವ ಪೌರಾಣಿಕ ನಾಟಕ, ಹಾರ್ಮೋನಿಯಂ ಮೇಷ್ಟ್ರ ರಾಗ, ರಾಗಿ ಕಣದ ಪದ, ವೀರಗಾಸೆಯ ಒಡಪು, ಟೆಂಟ್ ಸಿನಿಮಾ ಕಾಲದ ನೆನಪು ಹೇಳುವ ಹಿರಿಯರು. ಯಾವುದನ್ನು ಎತ್ತಿಟ್ಟಿದ್ದೇವೆ?

ಫೋಟೋ ಸ್ಟುಡಿಯೋಗಳ ಕತೆ ಇನ್ನೂ ಬೇಸರದ್ದು. ಡಿಜಿಟಲ್ ಬರುವ ಮುಂಚೆ ಇಡೀ ಹೋಬಳಿಯ ಮುಖಗಳು ಅವರ ನೆಗೆಟಿವ್ ಡಬ್ಬಗಳಲ್ಲಿ ಇದ್ದವು. ಅಂಗಡಿ ಮುಚ್ಚುವಾಗ ಆ ಡಬ್ಬಗಳು ಎಲ್ಲಿ ಹೋಗುತ್ತವೆ? ಎಷ್ಟೋ ಕಡೆ ಗುಜರಿಗೆ. ಮೂಕಿ ರೀಲು ಹೋದ ದಾರಿಯೇ.

ಏನು ಮಾಡಬಹುದು?

ದೊಡ್ಡ ಯೋಜನೆ ಬೇಡ. ಓದುವ ನೀವು ಈ ವಾರವೇ ಮಾಡಬಹುದಾದದ್ದು ಮೊದಲು ಹೇಳುತ್ತೇನೆ.

ಮನೆ ಅಟ್ಟ, ಬೀರು, ದೇವರ ಕೋಣೆಯ ಪೆಟ್ಟಿಗೆ ನೋಡಿ. ಕ್ಯಾಸೆಟ್, ಸಿ.ಡಿ., ನೆಗೆಟಿವ್ ಏನಿದ್ದರೂ ತೇವ ಇಲ್ಲದ ಕಡೆ, ಬಿಸಿಲು ಬೀಳದ ಕಡೆ ಇಡಿ. ಕ್ಯಾಸೆಟ್ಟನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಬೇಕು. ಸ್ಪೀಕರ್ ಪಕ್ಕ ಬೇಡ, ಅದರ ಆಯಸ್ಕಾಂತ ಟೇಪನ್ನು ಅಳಿಸುತ್ತದೆ. ಬೂಷ್ಟು ಕಂಡರೆ ಯಾವ ಮಷೀನಿಗೂ ಹಾಕಬೇಡಿ, ಬೇರೆ ಕ್ಯಾಸೆಟ್ಟಿಗೂ ಅಂಟುತ್ತದೆ. ನೆಗೆಟಿವ್ ಡಬ್ಬ ತೆಗೆದಾಗ ಹುಳಿ ವಾಸನೆ ಬಂದರೆ ಅದು ಹಾಳಾಗಲು ಶುರುವಾಗಿದೆ ಅಂತ ಅರ್ಥ. ಅದನ್ನು ಬೇರೆ ಇಟ್ಟು ಮೊದಲು ಪ್ರತಿ ತೆಗೆಸಿ. ಚೆನ್ನಾಗಿರುವ ಕ್ಯಾಸೆಟ್ ಇದ್ದರೆ, ಮಷೀನು ಇಟ್ಟುಕೊಂಡಿರುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಇನ್ನು ಕೆಲವು ವರ್ಷಕ್ಕೆ ಅವರೂ ಇರುವುದಿಲ್ಲ.

ಫೋನಿನಲ್ಲಿ ತೆಗೆದದ್ದನ್ನು ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿ ಮಂಜಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ. ಬೇಕಾದ್ದನ್ನು ಮೂರು ಕಡೆ ಇಡಿ. ಒಂದು ಫೋನಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆ ದಿನ ತೆಗೆದು ಓಡುತ್ತಿದೆಯಾ ನೋಡಿ. ಮುಖ್ಯವಾಗಿ ಯಾರು, ಯಾವ ಊರು, ಯಾವ ದಿನ ಅಂತ ಬರೆದಿಡಿ. ಹೆಸರಿಲ್ಲದ ಮುಖ ಐವತ್ತು ವರ್ಷದ ಮೇಲೆ ಯಾರದ್ದೂ ಅಲ್ಲ.

ಎರಡನೆಯದು ಊರಿನ ಮಟ್ಟದ್ದು. ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ. ಒಂದು ಹಾರ್ಡ್‌ಡಿಸ್ಕ್, ಒಂದು ದಾಖಲೆ ಪುಸ್ತಕ ಇಟ್ಟರೆ ಅದೇ ಊರಿನ ಭಂಡಾರ. ಜನ ತಮ್ಮ ಮನೆಯ ಮೂಲ ಕೊಡಬೇಕಿಲ್ಲ, ಪ್ರತಿ ಕೊಟ್ಟರೆ ಸಾಕು. ಮದುವೆ ವಿಡಿಯೋ ಎಲ್ಲರಿಗೂ ತೋರಿಸಲು ಇಷ್ಟ ಇಲ್ಲದಿದ್ದರೆ ಹಾಡಿನ ಭಾಗ ಮಾತ್ರ ಕೊಡಲಿ. ಮನೆಯವರ ಒಪ್ಪಿಗೆ ಇಲ್ಲದೆ ಏನೂ ಹೊರಗೆ ಹೋಗಬಾರದು. ಇದಕ್ಕೆ ಕೆರೆ ಹೂಳು ತೆಗೆಯುವ ದುಡ್ಡು ಮುಟ್ಟಬೇಕಿಲ್ಲ. ಒಂದು ಹಬ್ಬದ ಫ್ಲೆಕ್ಸಿನ ಖರ್ಚಿನಲ್ಲಿ ಆಗುವ ಕೆಲಸ.

ಮೂರನೆಯದು ಸರ್ಕಾರಕ್ಕೆ. ಕನ್ನಡ ಸಿನಿಮಾಗಳಿಗೆ ಸಹಾಯಧನ ಕೊಡುವುದು ನಮ್ಮ ತೆರಿಗೆ ಹಣದಿಂದ. ಹಾಗೆ ಹಣ ಪಡೆದ ಪ್ರತಿ ಚಿತ್ರದ ಒಳ್ಳೆಯ ಪ್ರತಿಯೊಂದು ಸಾರ್ವಜನಿಕ ಭಂಡಾರಕ್ಕೆ ಬರಲೇಬೇಕು, ಬಂದದ್ದು ಎರಡು ಊರುಗಳಲ್ಲಿ ಇರಬೇಕು. ಪುಣೆ, ಲಂಡನ್, ಪ್ಯಾರಿಸ್ ಭಂಡಾರಗಳಲ್ಲಿ ಕನ್ನಡ ನಾಡಿಗೆ ಸೇರಿದ ತುಂಡು ರೀಲು ಏನಾದರೂ ಇದೆಯಾ ಅಂತ ಹುಡುಕಲು ಒಬ್ಬರನ್ನಾದರೂ ನೇಮಿಸಬೇಕು. 'ಬಿಲ್ವಮಂಗಳ' ಸಿಕ್ಕಿದ್ದು ಹೀಗೆ ಹುಡುಕಿದವರು ಇದ್ದದ್ದರಿಂದ. 'ಹಿಸ್ ಲವ್ ಅಫೇರ್' ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಹುಡುಕದೆ ಇದ್ದರೆ ಸಿಗುವುದಿಲ್ಲ ಅನ್ನುವುದು ಖಾತ್ರಿ. ನಮ್ಮ ಕಡೆಯ ಹಳೇ ಟೆಂಟ್ ಸಿನಿಮಾ ನಡೆಸಿದವರ ಮನೆಗಳಲ್ಲೂ ಹುಡುಕಬೇಕು. ರೀಲು ಸಿಗದಿದ್ದರೆ ಕರಪತ್ರ, ಪೋಸ್ಟರ್, ಟಿಕೆಟ್ ಪುಸ್ತಕವಾದರೂ ಸಿಗುತ್ತದೆ.

ಅಮ್ಮ ಹೇಳಿದ ಮೂರು ನುಡಿ

ಕ್ಯಾಸೆಟ್ ಹೋಗಿದೆ ಅಂತ ಅಮ್ಮನಿಗೆ ಹೇಳಿದ ದಿನ ಅವರು ಏನೂ ಮಾತಾಡಲಿಲ್ಲ. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಬಂದು, "ಅತ್ತೆಮ್ಮ ಹೇಳ್ತಿದ್ದಿದ್ದು ನನಗೆ ಪೂರ್ತಿ ಬರಲ್ಲ. ಮೂರು ನುಡಿ ಬರುತ್ತೆ. ರಾಗ ಸ್ವಲ್ಪ ಆಚೆ ಈಚೆ ಆಗಬಹುದು" ಅಂದರು. ನಾನು ಫೋನು ಹಿಡಿದೆ. ಹಿಂದೆ ಎಮ್ಮೆ ಕೂಗುತ್ತಿತ್ತು, ರಸ್ತೆಯಲ್ಲಿ ಚಿಕ್ಕಮಗಳೂರು ಬಸ್ಸು ಹಾರ್ನ್ ಹೊಡೆಯಿತು. ಅಮ್ಮ ನಿಲ್ಲಿಸಲಿಲ್ಲ. ನಾಲ್ಕು ನಿಮಿಷ ಆಯಿತು.

ಉಳಿದ ನುಡಿಗಳು ಊರಿನಲ್ಲಿ ಇನ್ನಿಬ್ಬರು ಅಜ್ಜಿಯರಿಗೆ ಬರುತ್ತವಂತೆ. ಒಬ್ಬರಿಗೆ ಎಂಬತ್ತೆರಡು ವರ್ಷ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗುತ್ತಿದ್ದೇನೆ. ಅಮ್ಮ ಹೇಳಿದ್ದು ಈಗಾಗಲೇ ಮೂರು ಕಡೆ ಇದೆ. ಒಂದು ಪ್ರತಿ ಶಿವಮೊಗ್ಗದಲ್ಲಿರುವ ಅತ್ತೆಗೆ ಕಳಿಸಿದೆ, ಮದುವೆ ಅವರದ್ದೇ ಅಲ್ಲವೇ.

ನಿಮ್ಮ ಮನೆ ಅಟ್ಟದಲ್ಲಿ ಏನಿದೆ? ಈ ಮಳೆಗಾಲ ಬರುವ ಮುಂಚೆ ಒಂದು ಸಲ ಹತ್ತಿ ನೋಡಿ.